ಕಡಲ ಗುಹೆಗೆ ಎಷ್ಟು ಹೊತ್ತಿಗೆ ಇಳಿಯಬೇಕು? ಸಹಾಯ ಬೇಕು

ನಾವು ಕಲಬುರಗಿಯವರು. ಬೀದರಿನ ಝರಣಿ ನರಸಿಂಹ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ, ತಲೆ ಮೇಲೆ ಬಾವಲಿ ನೇತಾಡುತ್ತಿದ್ದರೂ ನಡೆದವರು. ಆದರೆ ಸಮುದ್ರದ ನೀರು ಇದ್ದಲ್ಲಿ ಇರುವುದಿಲ್ಲ ಅಲ್ವಾ!

ಮುಂದಿನ ವಾರ ಗೋಕರ್ಣದ ಕಡೆ ಒಂದು ದಿನ ಬಂಡೆಗಳ ನಡುವಿನ ಗುಹೆ ನೋಡುವ ಆಸೆ. ಲಾಡ್ಜಿಗೆ ಫೋನ್ ಮಾಡಿದರೆ "ನೀರು ಇಳಿದಾಗ ಹೋಗಿ" ಎಂದು ಸುಮ್ನೆ ಇಟ್ಟರು. ಭರತ-ಇಳಿತದ ಪಟ್ಟಿ ತೆಗೆದೆ. ದಿನಕ್ಕೆ ಎರಡು ಇಳಿತ, ದಿನಾ ಸುಮಾರು 50 ನಿಮಿಷ ತಡ, ಅಮಾವಾಸ್ಯೆಗೆ ಇನ್ನೂ ಜಾಸ್ತಿ ಇಳಿತ. ಇಷ್ಟು ಅರ್ಥವಾಯಿತು. ನಾವು ಹೋಗುವ ದಿನ ಸಂಜೆ 5:20ಕ್ಕೆ ಇಳಿತ, ಪಕ್ಕದಲ್ಲಿ ನೀರಿನ ಮಟ್ಟ 0.4 ಮೀಟರ್ ಎಂದಿದೆ. ಕತ್ತಲಾಗುವ ಹೊತ್ತು, ಜೊತೆಗೆ ಇಬ್ಬರು ಮಕ್ಕಳು.

5:20ಕ್ಕೆ ಒಳಗೆ ಹೋಗಬೇಕಾ, ಇಲ್ಲಾ ಅಷ್ಟರೊಳಗೆ ಹೊರಗೆ ಬಂದಿರಬೇಕಾ? ಕರಾವಳಿಯವರು ಹೇಳಿ.