ಮೂರನೇ ಬೋರ್ಡಿಗೆ ಯಾರು?

"ಕ್ರಿಕೆಟ್ ತಂಡ ಪ್ರಕಟವಾದ ದಿನ ಓಣಿಗೊಂದು ಆಯ್ಕೆ ಸಮಿತಿ ಹುಟ್ಟಿಕೊಳ್ಳುತ್ತದೆ. ಚೆಸ್ ತಂಡ ಪ್ರಕಟವಾದರೆ ಒಬ್ಬನಾದರೂ ಹಲ್ಲು ಕಡಿಯುತ್ತಾನೆಯೇ? ನನಗೇನೋ ಇದು ಸರಿಕಾಣುವುದಿಲ್ಲ" ಎಂದು ಅಡತ್ ಅಣ್ಣ ಬಸಿಗೆ ಚಹಾ ಸುರಿದುಕೊಂಡರು.

ಅಡತ್ ಅಣ್ಣನಿಗೆ ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ. ದರ ಬಿದ್ದ ದಿನ ಅವರಿಗೆ ತೊಗರಿ ಬಿಟ್ಟು ಬೇರೆ ಯಾವ ವಿಷಯವಾದರೂ ನಡೆಯುತ್ತದೆ. ಎದುರಿಗೆ ಗಣಿತದ ಮಾಸ್ತರರು, ಪಕ್ಕದಲ್ಲಿ ಕರಿ ಕೋಟನ್ನು ಮೊಣಕಾಲ ಮೇಲೆ ಮಡಚಿಟ್ಟುಕೊಂಡ ವಕೀಲ ಸಾಹೇಬರು. ಕೊನೆಯಲ್ಲಿ ನಾನು, ಬ್ಯಾಂಕಿನ ಗುಮಾಸ್ತ. ಬಿಲ್ಲು ಕೊಡುವ ಹೊತ್ತಿಗೆ ಎಲ್ಲರಿಗೂ ನೆನಪಾಗುವವನು. ಪಕ್ಕದ ಬಡಾವಣೆಯ ನಿವೃತ್ತ ನೌಕರರು ಭಾನುವಾರ ಚೆಸ್ ಪಂದ್ಯಕ್ಕೆ ಕರೆದಿದ್ದರು. ನಾಲ್ಕು ಬೋರ್ಡು, ಒಬ್ಬ ಮೀಸಲು ಆಟಗಾರ, "ಒಲಿಂಪಿಯಾಡ್ ಪದ್ಧತಿಯಂತೆ" ಎಂದು ಚೀಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಒಲಿಂಪಿಯಾಡ್ ಎಂದರೆ ದೇಶದೇಶಗಳ ತಂಡಗಳು ಆಡುವ ಚೆಸ್ ಪಂದ್ಯಾವಳಿ; ಒಂದೊಂದು ಬೋರ್ಡಿಗೆ ತಂಡದ ಒಬ್ಬೊಬ್ಬ ಆಟಗಾರ. ನಮ್ಮಲ್ಲಿ ಕಾಯಿ ನಡೆಸಲು ಬರುವವರು ಚಹಾದಂಗಡಿಯ ಚಾಚಾ ಸೇರಿ ಒಟ್ಟು ಐವರು. ಬೇಕಾದವರೂ ಐವರು. ಆದರೂ ಆಯ್ಕೆ ನಡೆಯಲೇಬೇಕೆಂದು ವಕೀಲ ಸಾಹೇಬರು ಪಟ್ಟು ಹಿಡಿದಿದ್ದರು. ಪ್ರಕ್ರಿಯೆ ಇಲ್ಲದ ನೇಮಕ ಮುಂದೆ ಕೋರ್ಟಿನಲ್ಲಿ ನಿಲ್ಲುವುದಿಲ್ಲವಂತೆ.

"ದೇಶದ ತಂಡಕ್ಕೆ ಇಷ್ಟೆಲ್ಲ ತಲೆನೋವಿಲ್ಲ" ಎಂದರು ಮಾಸ್ತರರು. "ರೇಟಿಂಗ್ ಇದೆ. ಮೇಲಿನಿಂದ ಐದು ಹೆಸರು ಎಣಿಸಿದರೆ ತಂಡ ತಯಾರು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾಡ್ ಎಲೊ ಎಂಬ ಪುಣ್ಯಾತ್ಮ ಲೆಕ್ಕ ಹಾಕಿಕೊಟ್ಟ. 1970ರಲ್ಲಿ ವಿಶ್ವ ಚೆಸ್ ಒಕ್ಕೂಟ ಅದನ್ನು ಒಪ್ಪಿಕೊಂಡಿತು. ಬಲಶಾಲಿಯನ್ನು ಸೋಲಿಸಿದರೆ ಹೆಚ್ಚು ಅಂಕ ಬರುತ್ತದೆ, ದುರ್ಬಲನ ಕೈಯಲ್ಲಿ ಸೋತರೆ ಹೆಚ್ಚು ಅಂಕ ಹೋಗುತ್ತದೆ. ಅಲ್ಲಿ ಶಿಫಾರಸು ಪತ್ರಕ್ಕೆ ಕೆಲಸವಿಲ್ಲ."

"ಪಟ್ಟಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ?" ಎಂದು ಅಡತ್ ಅಣ್ಣ ಕೇಳಿದರು.

"ತಿಂಗಳಿಗೊಮ್ಮೆ."

"ಹಾಗಾದರೆ ಅದು ನಮ್ಮ ತೊಗರಿ ದರವೇ ಆಯಿತಲ್ಲ! ಯಾವ ದಿನದ ದರ ಎನ್ನುವುದರಲ್ಲಿಯೇ ಇದೆ ಆಟ. ಮೇ ತಿಂಗಳ ಪಟ್ಟಿ ಹಿಡಿದರೆ ಒಬ್ಬ ಒಳಗೆ, ಜುಲೈ ತಿಂಗಳದ್ದು ಹಿಡಿದರೆ ಇನ್ನೊಬ್ಬ ಒಳಗೆ. ಆ ತಿಂಗಳು ಯಾವುದೆಂದು ಗೊತ್ತುಮಾಡುವವನು ಯಾರು? ಅವನೇ ನಿಜವಾದ ಆಯ್ಕೆಗಾರ. ನೀವು ಲೆಕ್ಕ ಕಲಿಸುತ್ತೀರಿ ಮಾಸ್ತರರೇ, ವ್ಯಾಪಾರ ಮಾಡಿಲ್ಲ."

ಮಾಸ್ತರರ ಬಾಯಿ ಕಟ್ಟಿತು. ಅಡತ್ ಅಣ್ಣ ಹೇಳಿದ್ದರಲ್ಲಿ ಹುರುಳಿತ್ತು. ಅಂಕಿಗೆ ಸೋದರಮಾವನಿರುವುದಿಲ್ಲ ನಿಜ, ಅಂಕಿ ಹಿಡಿದುಕೊಂಡು ಬರುವವನಿಗೆ ಇರಬಹುದು. ಒಂದು ತಿಂಗಳ ಬದಲು ಹಲವು ತಿಂಗಳ ಸರಾಸರಿ ನೋಡಬೇಕು, ಇಷ್ಟು ಆಟವಾದರೂ ಆಡಿರಬೇಕು ಎಂಬ ನಿಯಮಗಳೆಲ್ಲ ಹುಟ್ಟುವುದು ಇಂಥ ಅನುಮಾನದಿಂದಲೇ. ಇಲ್ಲದಿದ್ದರೆ ಒಳ್ಳೆಯ ರೇಟಿಂಗ್ ಬಂದ ಮರುದಿನವೇ ಆಟಗಾರ ಮನೆಯ ಬಾಗಿಲು ಹಾಕಿಕೊಂಡು ಅದರ ಮೇಲೆ ಕಾವು ಕೂರುತ್ತಾನೆ.

"ಆಟದ ಲೆಕ್ಕ ತುಂಬಿಸುವುದಕ್ಕೂ ದಾರಿ ಇದೆ" ಎಂದು ವಕೀಲ ಸಾಹೇಬರು ಕುರ್ಚಿ ಮುಂದೆಳೆದರು. ಕಾನೂನಿನ ಸಂದು ಎಲ್ಲಿದ್ದರೂ ಅವರ ಕಣ್ಣಿಗೆ ಮೊದಲು ಬೀಳುತ್ತದೆ. "ಚೀನಾದ ಡಿಂಗ್ ಲಿರೆನ್ ಕಥೆ ಕೇಳಿದ್ದೀರಾ? 2022ರಲ್ಲಿ ವಿಶ್ವ ಚಾಂಪಿಯನ್ನನ ಎದುರಾಳಿಯನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ರಷ್ಯಾದ ಕರ್ಯಾಕಿನ್ ಮೇಲೆ ನಿಷೇಧ ಬಿದ್ದು ಒಂದು ಜಾಗ ಖಾಲಿಯಾಯಿತು. ರೇಟಿಂಗ್ ನೋಡಿದರೆ ಅದು ಡಿಂಗ್‌ನದೇ. ಆದರೆ ನಿಯಮದ ಪ್ರಕಾರ 30 ಆಟ ಆಡಿರಬೇಕು. ಕೊರೊನಾ ಕಾಲದಲ್ಲಿ ಪಾಪ, ಅವನು ಆಡಿದ್ದು ಬೆರಳೆಣಿಕೆಯಷ್ಟು. ಚೀನಾದವರು ಅರ್ಜಿ ಬರೆದರೇ? ಧರಣಿ ಕೂತರೇ? ಇಲ್ಲ. ಅವನಿಗಾಗಿಯೇ ಸಾಲುಸಾಲು ಸ್ಪರ್ಧೆ ಏರ್ಪಡಿಸಿ ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ 28 ಆಟ ಆಡಿಸಿಬಿಟ್ಟರು. ಅವನು ಕ್ಯಾಂಡಿಡೇಟ್ಸ್‌ಗೆ ಹೋಗಿ ಎರಡನೆಯವನಾದ, ಚಾಂಪಿಯನ್ ಆಗಿದ್ದ ಕಾರ್ಲ್‌ಸನ್ 'ನನಗೆ ಪಟ್ಟ ಬೇಡ' ಎಂದ, ಪಟ್ಟದ ಪಂದ್ಯಕ್ಕೆ ಎರಡನೆಯವನಿಗೂ ಜಾಗ ಸಿಕ್ಕಿತು, ಮರುವರ್ಷ ಡಿಂಗ್ ವಿಶ್ವ ಚಾಂಪಿಯನ್!"

"ಮತ್ತೆ ನಾವೇನು ಕಡಿಮೆಯೇ?" ಎಂದು ಮಾಸ್ತರರು ಚೇತರಿಸಿಕೊಂಡರು. "2023ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಅವಸರವಸರವಾಗಿ ಒಂದು ದೊಡ್ಡ ಟೂರ್ನಿ ನಡೆಯಿತು. ಗುಕೇಶ್ ಗೆದ್ದ, ಕ್ಯಾಂಡಿಡೇಟ್ಸ್‌ಗೆ ಬೇಕಿದ್ದ ಅಂಕ ಸಿಕ್ಕಿತು. ಆಮೇಲೆ ಟೊರಾಂಟೊದಲ್ಲಿ ಕ್ಯಾಂಡಿಡೇಟ್ಸ್ ಗೆದ್ದ, ಸಿಂಗಪುರದಲ್ಲಿ ಅದೇ ಡಿಂಗ್‌ನನ್ನು ಸೋಲಿಸಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. ಟೂರ್ನಿ ಯಾರಿಗಾಗಿ ಇಟ್ಟರೂ ಅಲ್ಲಿ ಕೂತು ಗೆಲ್ಲುವ ಕೆಲಸವನ್ನು ಅವನೇ ಮಾಡಬೇಕಲ್ಲ."

ನನ್ನ ಮತವೂ ಇದೇ. ಬಾಗಿಲು ತೆರೆಸಿದ್ದಕ್ಕೆ ಯಾರನ್ನಾದರೂ ಬಯ್ಯಿರಿ, ಒಳಗೆ ಹೋದವನು ಹನ್ನೆರಡು ದಾಳಿ ತಡೆದು ಬಂದರೆ ಕೈ ಮುಗಿಯಿರಿ.

ಇಷ್ಟರಲ್ಲಿ ಕಾಂದಾ ಭಜಿ ಬಂತು. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಹಂಚುತ್ತಿತ್ತು. ವಕೀಲ ಸಾಹೇಬರು ಎರಡು ಭಜಿ ಒಟ್ಟಿಗೆ ಎತ್ತಿಕೊಂಡು, "ನನ್ನ ಪ್ರಕಾರ ಸಂವಿಧಾನದ 371(ಜೆ) ವಿಧಿಯನ್ನು ಚೆಸ್‌ಗೂ ವಿಸ್ತರಿಸಬೇಕು. ನಾಲ್ಕು ಬೋರ್ಡಿನಲ್ಲಿ ಒಂದು ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದಕ್ಕೆ" ಎಂದರು.

"ಬೋರ್ಡು ಸಿಗುತ್ತದೆ ಸಾಹೇಬರೇ, ಎದುರಿಗೆ ಕೂರುವವನು ರಷ್ಯಾದವನು. ಅವನಿಗೆ ನಿಮ್ಮ ತಿದ್ದುಪಡಿ ಗೊತ್ತಿರುವುದಿಲ್ಲ" ಎಂದರು ಅಡತ್ ಅಣ್ಣ.

ಮಾಸ್ತರರು ನಿಟ್ಟುಸಿರು ಬಿಟ್ಟರು. "ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 1988ರಲ್ಲಿ. ನಮ್ಮ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ತೇಜ್‌ಕುಮಾರ್, ಅದೂ ಮೈಸೂರಿನವರು. ಇಲ್ಲಿಯ ಹುಡುಗ ಶಾಲೆಯ ಕ್ರೀಡಾಕೂಟದಲ್ಲಿ ತಾಲ್ಲೂಕು ದಾಟಬೇಕು, ಜಿಲ್ಲೆ ದಾಟಬೇಕು, ಕಲಬುರಗಿ ವಿಭಾಗ ದಾಟಬೇಕು, ಆಮೇಲೆ ರಾಜ್ಯ. ತಾಲ್ಲೂಕು ಮಟ್ಟದಲ್ಲಿ ಖೋಖೋ ಮುಗಿಯುವವರೆಗೆ ಚೆಸ್ ಬೋರ್ಡು ಹುಡುಕುವವರೇ ಇರುವುದಿಲ್ಲ. ಎದುರಾಳಿ ಬಾರದೆ ಜಿಲ್ಲೆಗೆ ಹೋದ ಚಾಂಪಿಯನ್ನರನ್ನು ನಾನೇ ಬಸ್ಸು ಹತ್ತಿಸಿದ್ದೇನೆ."

ಜಿಲ್ಲೆ ಎಂದ ಕೂಡಲೇ ಅಡತ್ ಅಣ್ಣನ ಮುಖ ಸಪ್ಪಗಾಯಿತು. ಅವರ ಮಗನ ಕಥೆ ನಮಗೆಲ್ಲ ಗೊತ್ತು, ಆದರೂ ಹೇಳಿಸುವುದರಲ್ಲಿ ಒಂದು ಸುಖವಿದೆ. ವಕೀಲ ಸಾಹೇಬರು ಅಮಾಯಕರಂತೆ, "ಅದೇನೋ ಬುಕೋಲ್ಜ್ ಎಂದಿದ್ದಿರಲ್ಲ ಅಣ್ಣಾ, ಏನದು?" ಎಂದು ಕೆದಕಿದರು.

"ಅದೊಂದು ಪೀಡೆ" ಎಂದು ಅಣ್ಣ ಶುರು ಮಾಡಿದರು. ಜಿಲ್ಲಾ ಆಯ್ಕೆ ಸ್ಪರ್ಧೆ. ಒಳಗೆ ಮಕ್ಕಳು ಆಡುತ್ತಿದ್ದರೆ ಹೊರಗೆ ಬೇವಿನ ಮರದ ಕೆಳಗೆ ಅಪ್ಪಂದಿರು ಬೆವರುತ್ತಿದ್ದರು. ಅಂಕ ಸಮವಾದರೆ ಯಾರಿಗೆ ಜಾಗ ಎಂದು ಅಣ್ಣ ಮೊದಲೇ ವಿಚಾರಿಸಿದರು. ತೀರ್ಪುಗಾರರು, "ಬುಕೋಲ್ಜ್ ನೋಡುತ್ತೇವೆ. ನಿಮ್ಮ ಹುಡುಗನ ಎದುರಾಳಿಗಳು ಒಟ್ಟು ಎಷ್ಟು ಅಂಕ ಗಳಿಸುತ್ತಾರೋ ಅದರ ಮೊತ್ತ" ಎಂದರು. ವ್ಯಾಪಾರಿ ತಲೆ ತಕ್ಷಣ ಲೆಕ್ಕ ಹಾಕಿತು: ಮಗನ ಕೈಯಲ್ಲಿ ಸೋತವರೆಲ್ಲ ಇನ್ನು ಮುಂದೆ ಗೆಲ್ಲಬೇಕು! ಅವರಲ್ಲಿ ಆಳಂದ ಕಡೆಯ ಹುಡುಗನೊಬ್ಬ ಮೊದಲ ಸುತ್ತಿನಲ್ಲೇ ಸೋತು ಮೂಲೆಯಲ್ಲಿ ಮೂಗು ಒರೆಸಿಕೊಳ್ಳುತ್ತ, "ಬಸ್ಸಿಗೆ ಹೋಗೋಣ ನಡೆಯಪ್ಪಾ" ಎಂದು ತಂದೆಯ ಅಂಗಿ ಜಗ್ಗುತ್ತಿದ್ದ. ಅಣ್ಣ ಓಡಿಹೋಗಿ ಮಾಲ್ಪುರಿ ಕಟ್ಟಿಸಿಕೊಂಡು ಬಂದರು. ತಮ್ಮ ಮಗನಿಗೆ ಎರಡು, ಆಳಂದದವನಿಗೆ ನಾಲ್ಕು. "ಒಂದು ಸೋಲಿಗೆ ಅಳುತ್ತಾರೇನೋ ಹುಲಿ? ಕಣ್ಣೊರೆಸಿಕೋ, ಉಳಿದವರನ್ನೆಲ್ಲ ಹೊಡೆದು ಬಾ" ಎಂದು ಬೆನ್ನು ತಟ್ಟಿದರು. ಹುಡುಗನ ತಂದೆಗೆ ಇದ್ಯಾವ ಹೊಸ ನೆಂಟಸ್ತಿಕೆ ಎಂದು ಸಂಶಯ ಬಂದು, ಮೊದಲ ಮಾಲ್ಪುರಿಯನ್ನು ತಾವೇ ತಿಂದು ಪರೀಕ್ಷಿಸಿ ಆಮೇಲೆ ಮಗನಿಗೆ ಕೊಟ್ಟರಂತೆ.

"ಮುಂದೆ?"

"ಮುಂದೇನು! ಹುಲಿ ಎದ್ದಿತು. ಹೇಳಿದ ಹಾಗೆಯೇ ಉಳಿದವರನ್ನೆಲ್ಲ ಹೊಡೆಯಿತು. ನನ್ನವನು ನಡುವೆ ಒಂದು ಕಡೆ ಮುಗ್ಗರಿಸಿದ. ಕೊನೆಗೆ ಇಬ್ಬರದೂ ಅಂಕ ಸಮ, ಜಾಗ ಒಂದೇ. ಬುಕೋಲ್ಜ್ ತೆಗೆದು ನೋಡಿದರೆ ಆಳಂದದವನದು ಅರ್ಧ ಅಂಕ ಹೆಚ್ಚು."

"ಅಂದರೆ ರಾಜ್ಯಮಟ್ಟಕ್ಕೆ ಹೋದದ್ದು..."

"ನನ್ನ ಮಾಲ್ಪುರಿ" ಎಂದು ಅಣ್ಣ ಬಸಿ ಕೆಳಗಿಟ್ಟರು.

ನಗು ನಿಂತ ಮೇಲೆ ವಕೀಲ ಸಾಹೇಬರು ಗಂಭೀರರಾದರು. ಒಲ್ಲದೆ ಜಾಗ ಬಿಟ್ಟುಕೊಟ್ಟವರು ನಮ್ಮ ಅಣ್ಣ; ಒಪ್ಪಿ ಬಿಟ್ಟುಕೊಟ್ಟವರೂ ಇದ್ದಾರೆ ಎಂದು ಅಮೆರಿಕದ ಆಟಗಾರ ಪಾಲ್ ಬೆಂಕೊ ಹೆಸರು ತೆಗೆದರು. ಬಾಬಿ ಫಿಷರ್ 1969ರ ಅಮೆರಿಕ ಚಾಂಪಿಯನ್‌ಷಿಪ್ ಆಡದೆ ಮುನಿಸಿಕೊಂಡು ಕೂತಿದ್ದ. ವಿಶ್ವ ಪಟ್ಟದ ದಾರಿಗೆ ಆಟಗಾರರನ್ನು ಆರಿಸುತ್ತಿದ್ದ ಸ್ಪರ್ಧೆಯೇ ಅದು. ಅರ್ಹತೆ ಪಡೆದಿದ್ದ ಬೆಂಕೊ ತನ್ನ ಜಾಗವನ್ನು ಫಿಷರ್‌ಗೆ ಬಿಟ್ಟುಕೊಟ್ಟ. 1972ರಲ್ಲಿ ಫಿಷರ್ ವಿಶ್ವ ಚಾಂಪಿಯನ್. "ಈಗ ಹೇಳಿ, ಭಾನುವಾರ ನಮ್ಮಲ್ಲಿ ಬೆಂಕೊ ಯಾರು? ಮೀಸಲು ಆಟಗಾರನಾಗಿ ಕೂರುವವರು?"

ಮಾಸ್ತರರು ಫ್ಯಾನು ನೋಡಿದರು. ಅಣ್ಣ ಮೊಬೈಲ್ ತೆಗೆದು ಬಾರದ ಕರೆಗೆ "ಹಲೋ" ಎಂದರು. ಕೊನೆಗೆ ಎಲ್ಲರ ದೃಷ್ಟಿ ಬಿಲ್ಲಿನ ಸಮಯದಲ್ಲಿ ಬೀಳುವಂತೆ ನನ್ನ ಮೇಲೆ ಬಿತ್ತು.

"ಬೇಸರ ಮಾಡಿಕೊಳ್ಳಬೇಡ ತಮ್ಮಾ" ಎಂದು ಮಾಸ್ತರರು ಸಮಾಧಾನ ಹೇಳಿದರು. "2024ರ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ನಮ್ಮವರು 11 ಸುತ್ತಿನಲ್ಲಿ 10 ಗೆದ್ದು ಒಂದು ಡ್ರಾ ಮಾಡಿ ಚಿನ್ನ ತಂದರು. ಐದನೆಯವರಾದ ಹರಿಕೃಷ್ಣ ಆಡಿದ್ದು ಬರೀ ಮೂರು ಆಟ. ಅವರ ಕೊರಳಿಗೂ ಚಿನ್ನವೇ ಬಿತ್ತು."

ನಾನು ಮೀಸಲು ಆಟಗಾರನಾದೆ. ಉಳಿದ ನಾಲ್ವರಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಸುಲಭ ಎಂದುಕೊಂಡಿದ್ದೆವು. ಬಲಶಾಲಿ ಮೇಲೆ, ಕೈಲಾಗದವರು ಕೆಳಗೆ. ಅದನ್ನೂ ಮಾಸ್ತರರೇ ಕೆಡಿಸಿದರು. ಒಲಿಂಪಿಯಾಡ್‌ನಲ್ಲಿ ಮೊದಲೇ ಕೊಟ್ಟ ಅನುಕ್ರಮವನ್ನು ಮಧ್ಯೆ ಬದಲಿಸುವಂತಿಲ್ಲ, ಒಬ್ಬರು ವಿಶ್ರಾಂತಿ ತೆಗೆದುಕೊಂಡರೆ ಕೆಳಗಿನವರು ಒಂದು ಜಾಗ ಮೇಲೆ ಸರಿಯುತ್ತಾರೆ, ಅಷ್ಟೇ. ಆದ್ದರಿಂದ ಕೂರಿಸುವುದರಲ್ಲೇ ನಾಯಕನ ಚಾಣಾಕ್ಷತನ. "ಬುಡಾಪೆಸ್ಟ್‌ನಲ್ಲಿ ನಮ್ಮ ತಂಡದ ಅತಿ ಹೆಚ್ಚು ರೇಟಿಂಗ್ ಯಾರದು? ಗುಕೇಶ್ ಅಲ್ಲ, ಅರ್ಜುನ್ ಎರಿಗೈಸಿ. ಅವನನ್ನು ಕೂರಿಸಿದ್ದು ಎಲ್ಲಿ? ಮೂರನೇ ಬೋರ್ಡಿನಲ್ಲಿ! ಮೊದಲನೆಯದರಲ್ಲಿ ಗುಕೇಶ್, ಎರಡನೆಯದರಲ್ಲಿ ಪ್ರಜ್ಞಾನಂದ. ನಾಯಕ ಶ್ರೀನಾಥ್ ನಾರಾಯಣನ್ ಸ್ವತಃ ಒಂದು ಆಟವನ್ನೂ ಆಡುವವರಲ್ಲ. ಎದುರಾಳಿ ತಂಡಗಳ ಮೂರನೆಯವರು ತಮಗೆ ಸಮನಾದವನು ಸಿಗುತ್ತಾನೆಂದು ಬಂದು ಕೂತರೆ ಎದುರಿಗೆ ದೇಶದ ನಂಬರ್ ಒನ್. ಅರ್ಜುನ್‌ಗೆ 11 ಆಟಕ್ಕೆ 10 ಅಂಕ, ಆ ಬೋರ್ಡಿನಲ್ಲಿ ಆಡಿದವರಲ್ಲೆಲ್ಲ ಮೇಲುಗೈ ಎಂದು ಬೋರ್ಡಿನ ಚಿನ್ನ. ಗುಕೇಶ್‌ಗೂ ಮೊದಲ ಬೋರ್ಡಿನ ಚಿನ್ನ."

"ರೇಟಿಂಗ್ ಒಂದನ್ನೇ ನೆಚ್ಚಿದರೆ 2022ರಂತೆ ಆಗುತ್ತದೆ ಬಿಡಿ" ಎಂದರು ವಕೀಲರು. ಅದೂ ನಿಜ. ಆ ವರ್ಷದ ಒಲಿಂಪಿಯಾಡ್ ನಡೆದ ಮಾಮಲ್ಲಪುರಂನಲ್ಲಿ ಆತಿಥೇಯರೆಂದು ನಮಗೆ ಎರಡು ತಂಡ, ತಂಡಗಳ ಸಂಖ್ಯೆ ಬೆಸವಾಯಿತೆಂದು ಮೂರನೆಯದೂ ಸಿಕ್ಕಿತ್ತು. ರೇಟಿಂಗ್‌ನಲ್ಲಿ ಮೇಲಿದ್ದ ಮೊದಲ ತಂಡ ನಾಲ್ಕನೇ ಸ್ಥಾನಕ್ಕೆ ನಿಂತಿತು; ಗುಕೇಶ್, ಪ್ರಜ್ಞಾನಂದ, ನಿಹಾಲ್ ಸರಿನ್, ರೌನಕ್ ಸಾಧ್ವಾನಿ ಎಂಬ ಹುಡುಗರು ಅಧಿಬನ್ ಜೊತೆ ಸೇರಿದ್ದ ಎರಡನೇ ತಂಡ ಕಂಚು ಗೆದ್ದಿತು. 16ರ ಗುಕೇಶ್ ಮೊದಲ ಎಂಟೂ ಆಟ ಗೆದ್ದ. ಬೆಳೆಯುವ ಹುಡುಗನ ರೇಟಿಂಗ್ ಅವನ ಹಳೆಯ ಚಡ್ಡಿಯ ಅಳತೆಯನ್ನೇ ಹೇಳುತ್ತಿರುತ್ತದೆ.

ಆದರೆ ಇದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅಡತ್ ಅಣ್ಣ ಆಗಲೇ ಚೀಟಿಯ ಮೇಲೆ ಬೆರಳಿಟ್ಟಿದ್ದರು.

"ಮೂರನೇ ಬೋರ್ಡಿಗೆ ನನ್ನ ಹೆಸರು ಬರೆ ತಮ್ಮಾ."

"ಅದು ಹೇಗೆ? ತಂಡದಲ್ಲಿ ಎಲ್ಲರಿಗಿಂತ ಬಲಶಾಲಿ ಅಲ್ಲಿ ಕೂರಬೇಕು ಎಂದು ಈಗ ತಾನೇ ಹೇಳಿದೆನಲ್ಲ" ಎಂದರು ಮಾಸ್ತರರು. "ನನ್ನದನ್ನು ಬರೆ."

"ಆಕ್ಷೇಪಣೆ ಇದೆ" ಎಂದು ವಕೀಲ ಸಾಹೇಬರು ಕೋಟು ಹಾಕಿಕೊಂಡೇ ಎದ್ದು ನಿಂತರು. "ಹೋದ ವರ್ಷ ನಾನು ಮಾಸ್ತರರನ್ನು ಸೋಲಿಸಿದ್ದೇನೆ."

"ಕರೆಂಟು ಹೋಗಿತ್ತು. ಕತ್ತಲಲ್ಲಿ ನನ್ನ ಕುದುರೆ ನಿಮ್ಮ ಜೇಬಿಗೆ ಹೋಗಿತ್ತು."

ಬೆಳಗ್ಗೆ ಮೊದಲ ಬೋರ್ಡಿಗಾಗಿ ಗುದ್ದಾಡುತ್ತಿದ್ದ ಮೂವರೂ ಈಗ ಮೂರನೆಯದಕ್ಕೆ ಜೋತುಬಿದ್ದರು. ಒಂದೇ ಜಾಗಕ್ಕೆ ಮೂರು ಹೆಸರು ಬರೆದು, ಹೊಡೆದು, ಮತ್ತೆ ಬರೆದು ಚೀಟಿ ಹರಿಯುವ ಹಂತಕ್ಕೆ ಬಂತು. ಸಂಜೆಯೊಳಗೆ ಹೆಸರು ಕಳುಹಿಸದಿದ್ದರೆ ನಿವೃತ್ತರು ಗೆದ್ದೆವೆಂದು ಬರೆದುಕೊಳ್ಳುತ್ತಾರೆ. ಎರಡನೆಯದನ್ನು ಮಾಸ್ತರರಿಗೆ, ನಾಲ್ಕನೆಯದನ್ನು ವಕೀಲರಿಗೆ ಹೇಗೋ ತಲೆ ಸವರಿ ಒಪ್ಪಿಸಿದೆ. ಮೂರನೆಯದು ಹೆಚ್ಚು ಕೂಗಿದ ಅಣ್ಣನಿಗೆ ಹೋಯಿತು. ಖಾಲಿ ಉಳಿದದ್ದು ಮೊದಲ ಬೋರ್ಡು. ಅಲ್ಲಿ ನಿವೃತ್ತ ತಹಶೀಲ್ದಾರರು ಕೂರುತ್ತಾರೆಂದು ಗೊತ್ತಾದ ಮೇಲೆ ಅದು ಯಾರಿಗೂ ಬೇಡವಾಗಿತ್ತು. ಎಲ್ಲರೂ ಒಲೆಯ ಕಡೆ ತಿರುಗಿದೆವು.

ಚಾಚಾ ಹಾಲು ಉಕ್ಕದಂತೆ ಸೌಟು ಆಡಿಸುತ್ತ, "ನಾನು ಬರುತ್ತೇನೆ ಸಾಹೇಬರೇ, ಭಯವೇನಿಲ್ಲ. ಆದರೆ ನನ್ನದು ಹಳೆಯ ಆಟ" ಎಂದರು.

"ಹಳೆಯ ಆಟ ಎಂದರೆ?"

"ಪ್ಯಾದೆ ಒಂದೊಂದೇ ಮನೆ ನಡೆಯುತ್ತದೆ. ಮತ್ತೆ ನನ್ನ ರಾಜ ಒಂದು ಸಲ ಕುದುರೆಯಂತೆ ಹಾರುತ್ತಾನೆ."

"ಅಯ್ಯೋ ಚಾಚಾ, ಈಗಿನ ನಿಯಮದಲ್ಲಿ ರಾಜ ಹಾರುವಂತಿಲ್ಲ!" ಎಂದು ಮಾಸ್ತರರು ತಲೆಗೆ ಕೈ ಹಚ್ಚಿದರು.

"ದಿನಾ ಹಾರಿಸುತ್ತೇನೆಯೇ ಮಾಸ್ತರರೇ?" ಎಂದು ಚಾಚಾ ಲೋಟ ತೊಳೆಯಲು ತಿರುಗಿದರು. "ಒಂದೇ ಸಲ, ತಹಶೀಲ್ದಾರರು ಬೇರೆ ಕಡೆ ನೋಡುತ್ತಿರುವಾಗ."