ಜಗತ್ತಿನ ಅತಿ ದೊಡ್ಡ ನಗರ ಯಾವುದು? ಪಟ್ಟಿಗಳೇಕೆ ಒಂದಕ್ಕೊಂದು ತಾಳೆಯಾಗುವುದಿಲ್ಲ?

ಪ್ರಶ್ನೆ | ನಕ್ಷೆಪ್ರಿಯ

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಮಕ್ಕಳಿಗಾಗಿ ಭೂಗೋಳದ ಭಿತ್ತಿಪತ್ರವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಜನಸಂಖ್ಯೆಯ ಆಧಾರದ ಮೇಲೆ ಜಗತ್ತಿನ ಹತ್ತು ದೊಡ್ಡ ನಗರಗಳ ಪಟ್ಟಿಯೂ ಅದರಲ್ಲಿರಬೇಕೆಂದು ಹೊರಟೆ. ಆದರೆ ನೋಡಿದ ಮೂರು ಪಟ್ಟಿಗಳಲ್ಲಿ ಮೂರು ಬೇರೆ ನಗರಗಳು ಮೊದಲ ಸ್ಥಾನದಲ್ಲಿವೆ. ಒಂದರಲ್ಲಿ 3.2 ಕೋಟಿ ಜನರಿರುವ ಚೀನಾದ ಚೊಂಗ್‌ಚಿಂಗ್ ಮೊದಲನೆಯದು. ವಿಶ್ವಸಂಸ್ಥೆಯ 2018ರ ವರದಿಯಲ್ಲಿ ಸುಮಾರು 3.7 ಕೋಟಿ ಜನರಿರುವ ಟೋಕಿಯೋ ಮೊದಲನೆಯದು. ಅದೇ ವಿಶ್ವಸಂಸ್ಥೆಯ 2025ರ ವರದಿಯಲ್ಲಿ ಸುಮಾರು 4.2 ಕೋಟಿಯ ಜಕಾರ್ತಾ ಮೊದಲ ಸ್ಥಾನಕ್ಕೆ ಬಂದಿದೆ, ಢಾಕಾ ಎರಡನೆಯದಾಗಿದೆ, ಟೋಕಿಯೋ ಸುಮಾರು 3.3 ಕೋಟಿಯೊಂದಿಗೆ ಮೂರನೆಯ ಸ್ಥಾನಕ್ಕೆ ಇಳಿದಿದೆ.

2018ರ ವರದಿ ಜಕಾರ್ತಾಕ್ಕೆ ಕೊಟ್ಟಿದ್ದ ಜನಸಂಖ್ಯೆ ಸುಮಾರು 1.05 ಕೋಟಿ ಮಾತ್ರ. ಏಳು ವರ್ಷಗಳಲ್ಲಿ ಒಂದು ನಗರ ನಾಲ್ಕು ಪಟ್ಟು ಬೆಳೆಯಲು ಸಾಧ್ಯವೇ? ಟೋಕಿಯೋದ 40 ಲಕ್ಷ ಜನ ಎಲ್ಲಿಗೆ ಹೋದರು? ಮಕ್ಕಳ ಮುಂದೆ ಇಡುವ ಪಟ್ಟಿಯಾದ್ದರಿಂದ ತಪ್ಪು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಇವುಗಳಲ್ಲಿ ಯಾವುದು ಸರಿ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ | ಗಡಿಗಲ್ಲು

ಟೋಕಿಯೋದವರು ಎಲ್ಲಿಗೂ ಹೋಗಿಲ್ಲ, ಜಕಾರ್ತಾಕ್ಕೆ ಮೂರು ಕೋಟಿ ಜನ ಹೊಸದಾಗಿ ಬಂದೂ ಇಲ್ಲ. ಜನರು ಇದ್ದಲ್ಲೇ ಇದ್ದಾರೆ. ಎಣಿಸುವವರು ಅವರ ಸುತ್ತ ಎಳೆಯುವ ಗೆರೆ ಮಾತ್ರ ಬದಲಾಗಿದೆ.

ಮೊದಲು ಚೊಂಗ್‌ಚಿಂಗ್ ವಿಷಯವನ್ನು ನೋಡೋಣ. 1997ರಲ್ಲಿ ಅದನ್ನು ಸಿಚುವಾನ್ ಪ್ರಾಂತ್ಯದಿಂದ ಬೇರ್ಪಡಿಸಿ, ಕೇಂದ್ರ ಸರ್ಕಾರದ ನೇರ ಆಡಳಿತಕ್ಕೆ ಒಳಪಟ್ಟ ಘಟಕವನ್ನಾಗಿ ಮಾಡಲಾಯಿತು. ಆ ಘಟಕಕ್ಕೆ ಚೀನಾದಲ್ಲಿ 'ನಗರ' ಎಂಬ ಹೆಸರೇ ಇದ್ದರೂ ಅದರ ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಆಸ್ಟ್ರಿಯಾ ದೇಶದಷ್ಟು. ಅದರೊಳಗೆ ಬೆಟ್ಟಗಳಿವೆ, ಹೊಲಗಳಿವೆ, ಹಳ್ಳಿಗಳಿವೆ, ನಡುವೆ ಬಯಲಿರುವ ಪ್ರತ್ಯೇಕ ಪಟ್ಟಣಗಳೂ ಇವೆ. 2020ರ ಜನಗಣತಿಯ 3.2 ಕೋಟಿ ಈ ಇಡೀ ಪ್ರದೇಶದ ಲೆಕ್ಕ. ನಗರದ ತಿರುಳೆನ್ನಬಹುದಾದ ಒಂಬತ್ತು ಜಿಲ್ಲೆಗಳಲ್ಲಿ ಇರುವವರು ಸುಮಾರು ಒಂದು ಕೋಟಿ. ಆದ್ದರಿಂದ 'ಅತಿ ದೊಡ್ಡ ನಗರ' ಎಂಬ ಪಟ್ಟಿಯಲ್ಲಿ 3.2 ಕೋಟಿಯನ್ನು ಇಡುವುದು, ಒಂದು ಪ್ರಾಂತ್ಯವನ್ನು ನಗರಗಳ ಸಾಲಿನಲ್ಲಿ ನಿಲ್ಲಿಸಿದಂತೆ ಎಂಬುದು ನನ್ನ ಅಭಿಪ್ರಾಯ.

ಜಕಾರ್ತಾದಲ್ಲಿ ಆಗಿದ್ದು ಇದಕ್ಕೆ ತಿರುಗುಮುರುಗು. 2018ರ ಅಂಕಿ ರಾಜಧಾನಿಯ ಆಡಳಿತ ಗಡಿಯೊಳಗಿನ ಸುಮಾರು 660 ಚದರ ಕಿಲೋಮೀಟರಿಗೆ ಸಂಬಂಧಿಸಿದ್ದು. ಆದರೆ ಕಟ್ಟಡಗಳ ಸಾಲು ಆ ಗಡಿಯಲ್ಲಿ ನಿಲ್ಲದೆ ಬೆಕಾಸಿ, ಡೆಪೋಕ್, ಟಂಗೆರಾಂಗ್, ಬೊಗೋರ್ ಕಡೆಗೆ ಹಾಗೆಯೇ ಮುಂದುವರಿಯುತ್ತದೆ. ಹಳೆಯ ಪದ್ಧತಿಯಲ್ಲಿ ವಿಶ್ವಸಂಸ್ಥೆಯು ಪ್ರತಿ ದೇಶವೂ ತನ್ನ ವ್ಯಾಖ್ಯೆಯಂತೆ ಕೊಡುವ ಅಂಕಿಗಳನ್ನು ಆಧಾರವಾಗಿ ಇಟ್ಟುಕೊಳ್ಳುತ್ತಿತ್ತು. ಹೀಗಾಗಿ ಒಂದು ದೇಶದ್ದು ಪಾಲಿಕೆಯ ಗಡಿ, ಇನ್ನೊಂದರದ್ದು ಇಡೀ ಮಹಾನಗರ ಪ್ರದೇಶ ಆಗಿ, ಎರಡೂ ಒಂದೇ ಪಟ್ಟಿಯಲ್ಲಿ ಕೂತಿದ್ದವು. ಟೋಕಿಯೋದ 3.7 ಕೋಟಿ ಬಂದಿದ್ದು ಜಪಾನಿನ ಬಹಳ ಉದಾರವಾದ ವ್ಯಾಖ್ಯೆಯಿಂದ: ಒಂದು ಊರಿನ ಜನಸಂಖ್ಯೆಯ ಕೇವಲ ಶೇಕಡಾ 1.5ರಷ್ಟು ಮಂದಿ (15 ವರ್ಷ ಮತ್ತು ಮೇಲ್ಪಟ್ಟವರು) ಕೇಂದ್ರ ನಗರಕ್ಕೆ ಕೆಲಸಕ್ಕೋ ಓದಿಗೋ ಹೋಗಿಬರುತ್ತಿದ್ದರೆ ಆ ಊರನ್ನು ಅಲ್ಲಿ ಮಹಾನಗರ ಪ್ರದೇಶಕ್ಕೆ ಸೇರಿಸಿಕೊಳ್ಳುತ್ತಾರೆ.

2025ರ ವರದಿಯಲ್ಲಿ ಎಲ್ಲ ದೇಶಗಳಿಗೂ ಒಂದೇ ಅಳತೆಗೋಲನ್ನು ಬಳಸಿದ್ದಾರೆ. ಇದು ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2020ರಲ್ಲಿ ಒಪ್ಪಿದ ಪದ್ಧತಿ. ಭೂಮಿಯ ಮೇಲ್ಮೈಯನ್ನು ಒಂದೊಂದು ಚದರ ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿ, ಕನಿಷ್ಠ 1,500 ಜನರಿರುವ ಚೌಕಗಳು ಒಂದಕ್ಕೊಂದು ಅಂಟಿಕೊಂಡು ಒಟ್ಟು 50,000 ಜನರನ್ನು ಮುಟ್ಟಿದರೆ ಅದನ್ನು ನಗರವೆಂದು ಎಣಿಸುತ್ತಾರೆ. ಪಾಲಿಕೆಯ ಗೆರೆ ಎಲ್ಲಿದೆ ಎಂಬುದನ್ನು ಈ ಚೌಕಗಳು ಕೇಳುವುದಿಲ್ಲ.

ಉತ್ತರ | ಹಳೆಯ ಭೂಪಟ

ಗಡಿಗಲ್ಲು ಅವರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಆಡಳಿತ ಗಡಿಯನ್ನು ಬರೀ ಅಡ್ಡಿಯೆಂದು ಕಾಣುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ತೆರಿಗೆ ಯಾರಿಗೆ ಸಲ್ಲುತ್ತದೆ, ಮೇಯರನ್ನು ಯಾರು ಆರಿಸುತ್ತಾರೆ, ನೀರು ಮತ್ತು ಒಳಚರಂಡಿಯ ಹೊಣೆ ಯಾರದ್ದು ಎಂಬ ಪ್ರಶ್ನೆಗಳಿಗೆ ಉತ್ತರ ಇರುವುದು ಆ ಗೆರೆಯಲ್ಲೇ. ಆ ಒಂದು ಚದರ ಕಿಲೋಮೀಟರಿನ ಚೌಕಗಳಲ್ಲಿ ಅಲ್ಲ. ತೊಂದರೆ ಏನೆಂದರೆ, ಪ್ರತಿ ದೇಶದ ಇತಿಹಾಸವೂ ಆ ಗೆರೆಯನ್ನು ಬೇರೆ ಬೇರೆ ದೂರದಲ್ಲಿ ನಿಲ್ಲಿಸಿದೆ.

ಲಂಡನ್ನಿನ ಹೃದಯದಲ್ಲಿರುವ 'ಸಿಟಿ ಆಫ್ ಲಂಡನ್' ಈಗಲೂ ಸುಮಾರು 2.9 ಚದರ ಕಿಲೋಮೀಟರಿನ ಪುಟ್ಟ ಘಟಕ. 2021ರ ಜನಗಣತಿಯಲ್ಲಿ ಅಲ್ಲಿ ಸಿಕ್ಕವರು ಒಂಬತ್ತು ಸಾವಿರಕ್ಕಿಂತ ಕಡಿಮೆ. 1965ರಲ್ಲಿ ರೂಪುಗೊಂಡ ಗ್ರೇಟರ್ ಲಂಡನ್‌ನಲ್ಲಿ ಸುಮಾರು 88 ಲಕ್ಷ ಜನರಿದ್ದಾರೆ. ಪ್ಯಾರಿಸ್ ಪಾಲಿಕೆ 1860ರ ವಿಸ್ತರಣೆಯ ನಂತರ ಹೆಚ್ಚು ಬೆಳೆಯಲಿಲ್ಲ: ಸುಮಾರು 105 ಚದರ ಕಿಲೋಮೀಟರ್, 21 ಲಕ್ಷ ಜನ, ಆದರೆ ಅದಕ್ಕೆ ಅಂಟಿಕೊಂಡ ಕಟ್ಟಡ ಪ್ರದೇಶವೆಲ್ಲ ಸೇರಿದರೆ ಒಂದು ಕೋಟಿ ಮೀರುತ್ತದೆ. ಮನಿಲಾ ಇನ್ನೂ ಸ್ವಾರಸ್ಯಕರ. ಮನಿಲಾ ಎಂಬ ಹೆಸರಿನ ನಗರದಲ್ಲಿ 2020ರಲ್ಲಿ ಸುಮಾರು 18 ಲಕ್ಷ ಜನರಿದ್ದರೆ, ಪಕ್ಕದ ಕೆಝೋನ್ ನಗರದಲ್ಲಿ ಸುಮಾರು 30 ಲಕ್ಷ ಜನರಿದ್ದರು. ಇಬ್ಬರನ್ನೂ ಒಳಗೊಂಡ ಮೆಟ್ರೋ ಮನಿಲಾದ ಒಟ್ಟು 1.35 ಕೋಟಿ.

ಗಡಿ ಒಂದೇ ದಿನದಲ್ಲಿ ನಗರವನ್ನು ಹಿಗ್ಗಿಸಿದ ನಿದರ್ಶನಗಳು ಅಮೆರಿಕದಲ್ಲಿ ಹೇರಳವಾಗಿವೆ. ಎರಡು ಚದರ ಮೈಲಿಯಷ್ಟೇ ಇದ್ದ ಫಿಲಡೆಲ್ಫಿಯಾ 1854ರಲ್ಲಿ ಇಡೀ ಕೌಂಟಿಯನ್ನು (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ತನ್ನೊಳಗೆ ಸೇರಿಸಿಕೊಂಡಿತು, 1850ರಲ್ಲಿ 1.21 ಲಕ್ಷವಿದ್ದ ಅದರ ಜನಸಂಖ್ಯೆ 1860ರ ಗಣತಿಯಲ್ಲಿ 5.65 ಲಕ್ಷವಾಯಿತು. 1890ರಲ್ಲಿ ದೇಶದ ನಾಲ್ಕನೆಯ ದೊಡ್ಡ ನಗರವಾಗಿದ್ದ ಬ್ರೂಕ್ಲಿನ್ 1898ರಲ್ಲಿ ನ್ಯೂಯಾರ್ಕಿನೊಂದಿಗೆ ವಿಲೀನವಾಗಿ ಪಟ್ಟಿಯಿಂದಲೇ ಕಾಣೆಯಾಯಿತು. 1968ರಲ್ಲಿ ಜಾಕ್ಸನ್‌ವಿಲ್ ತನ್ನ ಕೌಂಟಿಯೊಂದಿಗೆ ಒಂದಾದ್ದರಿಂದ ಇಂದು ಅದರ ನೆಲದ ವಿಸ್ತೀರ್ಣ 1,900 ಚದರ ಕಿಲೋಮೀಟರಿಗೂ ಹೆಚ್ಚು, ಬಾಸ್ಟನ್ನಿನದು ಸುಮಾರು 125 ಮಾತ್ರ. 2020ರಲ್ಲಿ ಜಾಕ್ಸನ್‌ವಿಲ್‌ನಲ್ಲಿ ಸುಮಾರು 9.5 ಲಕ್ಷ, ಬಾಸ್ಟನ್ನಿನಲ್ಲಿ ಸುಮಾರು 6.76 ಲಕ್ಷ ಜನರಿದ್ದರು. ಮಹಾನಗರ ಪ್ರದೇಶವನ್ನು ಎಣಿಸಿದರೆ ಬಾಸ್ಟನ್ 49 ಲಕ್ಷ, ಜಾಕ್ಸನ್‌ವಿಲ್ 16 ಲಕ್ಷ. ಯಾವುದು ದೊಡ್ಡದು ಎಂದು ಮಗುವೊಂದು ಕೇಳಿದರೆ ನಾನು ನಿಸ್ಸಂಕೋಚವಾಗಿ ಬಾಸ್ಟನ್ ಎನ್ನುತ್ತೇನೆ, ಆದರೆ ನಗರಗಳ ಅಧಿಕೃತ ಪಟ್ಟಿ ನನ್ನ ಮಾತನ್ನು ಒಪ್ಪುವುದಿಲ್ಲ.

ಉತ್ತರ | ಗಣತಿದಾರ

ಮೇಲಿನ ಇಬ್ಬರ ಮಾತಿಗೂ ಒಂದು ಎಚ್ಚರಿಕೆಯನ್ನು ಸೇರಿಸಬಯಸುತ್ತೇನೆ. ಆಡಳಿತದ ಗೆರೆಯನ್ನು ಬಿಟ್ಟು ಅಂಕಿಅಂಶ ಇಲಾಖೆಯ ಗೆರೆಯನ್ನು ಹಿಡಿದರೆ ಗೊಂದಲ ಮುಗಿಯಿತು ಎಂದುಕೊಳ್ಳಬಾರದು, ಏಕೆಂದರೆ ಅದನ್ನು ಎಳೆಯುವವರೂ ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು.

ಆಸ್ಟ್ರೇಲಿಯಾದಲ್ಲಿ 2023ರ ಏಪ್ರಿಲ್‌ನಲ್ಲಿ ಮೆಲ್ಬರ್ನ್ ಸಿಡ್ನಿಯನ್ನು ಹಿಂದಿಕ್ಕಿತೆಂಬ ಸುದ್ದಿ ಬಂತು. ಅಲ್ಲಿನ ಅಂಕಿಅಂಶ ಇಲಾಖೆಯ 'ಗಣನೀಯ ನಗರ ಪ್ರದೇಶ' ಎಂಬ ಎಣಿಕೆಯಲ್ಲಿ, ಅಂಚಿನಲ್ಲಿದ್ದ ಮೆಲ್ಟನ್ ಪಟ್ಟಣ ಮೆಲ್ಬರ್ನ್‌ಗೆ ಕೂಡಿಕೊಂಡಿತು; ಅಷ್ಟರಿಂದಲೇ 2021ರ ಜೂನ್‌ನ ಅಂಕಿಯಲ್ಲಿ ಮೆಲ್ಬರ್ನ್ 48,75,400 ಆಗಿ, ಸಿಡ್ನಿಗಿಂತ 18,700 ಜನರಷ್ಟು ಮುಂದೆ ಹೋಯಿತು. ಅದೇ ಇಲಾಖೆಯ 'ಬೃಹತ್ ರಾಜಧಾನಿ ಪ್ರದೇಶ' ಎಂಬ ಇನ್ನೊಂದು ಎಣಿಕೆಯಲ್ಲಿ ಸಿಡ್ನಿಯೇ ಮುಂದಿತ್ತು. ಒಂದೇ ಕಚೇರಿ, ಒಂದೇ ಜನಗಣತಿ, ಎರಡು ಉತ್ತರ, ಎರಡೂ ತಪ್ಪಲ್ಲ.

ಭಾರತದ ಲೆಕ್ಕದಲ್ಲೂ ಇದು ಕಾಣುತ್ತದೆ. 2011ರ ಜನಗಣತಿಯ ನಗರ ಸಮೂಹಗಳ ಪಟ್ಟಿಯಲ್ಲಿ ಬೃಹನ್ಮುಂಬಯಿ 1.84 ಕೋಟಿಯೊಂದಿಗೆ ಮೊದಲನೆಯದು, ದೆಹಲಿ 1.63 ಕೋಟಿಯೊಂದಿಗೆ ಎರಡನೆಯದು. ಆದರೆ ವಿಶ್ವಸಂಸ್ಥೆಯ 2018ರ ವರದಿಯಲ್ಲಿ ದೆಹಲಿ ಜಗತ್ತಿಗೇ ಎರಡನೆಯ ಸ್ಥಾನದಲ್ಲಿದ್ದು, ಮುಂಬಯಿ ಅದಕ್ಕಿಂತ ಬಹಳ ಹಿಂದಿದೆ. ನಡುವಿನ ವರ್ಷಗಳ ಬೆಳವಣಿಗೆ ಇದಕ್ಕೆ ಸ್ವಲ್ಪ ಕಾರಣವಾದರೂ, ಮುಖ್ಯ ಕಾರಣವೆಂದರೆ ಜನಗಣತಿ ದೆಹಲಿಯನ್ನು ಅದರ ರಾಜ್ಯದ ಗಡಿಯೊಳಗೇ ಎಣಿಸಿತು, ವಿಶ್ವಸಂಸ್ಥೆ ಗಡಿಯಾಚೆಗಿನ ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್‌ಗಳನ್ನೂ ಸೇರಿಸಿಕೊಂಡಿತು.

ಮರುಪ್ರಶ್ನೆ | ನಕ್ಷೆಪ್ರಿಯ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಅನುಮಾನವಿದೆ. ಭಿತ್ತಿಪತ್ರದಲ್ಲಿ ಜನಸಾಂದ್ರತೆಯ ಪಟ್ಟಿಯನ್ನೂ ಹಾಕಬೇಕೆಂದಿದ್ದೆ. ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸುವುದರಿಂದ ಗಡಿಯ ತೊಂದರೆ ಅಲ್ಲಿ ತಾನಾಗಿ ನಿವಾರಣೆಯಾಗುತ್ತದೆಯೇ?

ಉತ್ತರ | ಗಡಿಗಲ್ಲು

ಇಲ್ಲ, ಅಲ್ಲಿ ಅದು ಇನ್ನಷ್ಟು ಹೆಚ್ಚುತ್ತದೆ. ಪ್ಯಾರಿಸ್ ಪಾಲಿಕೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 20,000 ಜನ, ಚೊಂಗ್‌ಚಿಂಗ್ ಘಟಕದಲ್ಲಿ ಸುಮಾರು 390 ಜನ. ಎರಡನ್ನೂ ಅಕ್ಕಪಕ್ಕ ಬರೆದರೆ, ಗಗನಚುಂಬಿ ಕಟ್ಟಡಗಳಿಂದ ಕಿಕ್ಕಿರಿದ ಚೊಂಗ್‌ಚಿಂಗನ್ನು ಮಕ್ಕಳು ಖಾಲಿ ಬಯಲೆಂದು ತಿಳಿದುಕೊಳ್ಳುತ್ತಾರೆ, ಏಕೆಂದರೆ ಛೇದದಲ್ಲಿ ಹೊಲ ಬೆಟ್ಟಗಳೆಲ್ಲ ಸೇರಿವೆ. ತಲಾವಾರು ಲೆಕ್ಕದ ಎಲ್ಲ ಪಟ್ಟಿಗಳಿಗೂ ಇದು ಅನ್ವಯಿಸುತ್ತದೆ. ಅಮೆರಿಕದ ಸೇಂಟ್ ಲೂಯಿಸ್ 1876ರಲ್ಲಿ ತನ್ನ ಕೌಂಟಿಯಿಂದ ಬೇರೆಯಾದಾಗ ನಿಗದಿಯಾದ ಗಡಿಯೊಳಗೇ ಉಳಿದಿದೆ. ಸುತ್ತಲಿನ ಪ್ರದೇಶದಲ್ಲಿ 28 ಲಕ್ಷ ಜನರಿದ್ದರೂ ನಗರದೊಳಗಿರುವವರು ಸುಮಾರು ಮೂರು ಲಕ್ಷ. ಒಳ ಬಡಾವಣೆಗಳ ಅಪರಾಧಗಳನ್ನು ಆ ಮೂರು ಲಕ್ಷದಿಂದಲೇ ಭಾಗಿಸುವುದರಿಂದ ಅಪರಾಧ ಪ್ರಮಾಣದ ಪಟ್ಟಿಗಳಲ್ಲಿ ಅದರ ಹೆಸರು ಮೇಲೆ ಬರುತ್ತದೆ. ಶಾಂತವಾದ ಹೊರವಲಯಗಳನ್ನೂ ತನ್ನ ಗಡಿಯೊಳಗೆ ಹೊಂದಿರುವ ನಗರದೊಂದಿಗೆ ಅದನ್ನು ಹೋಲಿಸುವುದು ಅನ್ಯಾಯ.

ನಕ್ಷೆಪ್ರಿಯ

ಅರ್ಥವಾಯಿತು. ಸಾಂದ್ರತೆಯ ಪಟ್ಟಿಯನ್ನು ಕೈಬಿಡುತ್ತೇನೆ. ಹತ್ತು ನಗರಗಳ ಪಟ್ಟಿಗೆ 2025ರ ವರದಿಯನ್ನೇ ಆಧಾರವಾಗಿಟ್ಟುಕೊಂಡು, ಚೌಕಗಳ ಪದ್ಧತಿಯನ್ನು ಅದರ ಕೆಳಗೆ ಎರಡು ಸಾಲಿನಲ್ಲಿ ವಿವರಿಸುತ್ತೇನೆ. ಪಕ್ಕದಲ್ಲಿ ಟೋಕಿಯೋದ ನಕ್ಷೆಯೊಂದನ್ನು ದೊಡ್ಡದಾಗಿ ಬರೆದು, 23 ವಿಶೇಷ ವಾರ್ಡುಗಳ ಸುತ್ತ 97 ಲಕ್ಷ, ಟೋಕಿಯೋ ಪ್ರಾಂತ್ಯದ ಸುತ್ತ 1.4 ಕೋಟಿ, ಚೌಕಗಳಿಂದಾದ ನಗರದ ಸುತ್ತ 3.3 ಕೋಟಿ ಎಂದು ಮೂರು ಬಣ್ಣದ ಗೆರೆಗಳನ್ನು ಎಳೆಯುವ ಯೋಚನೆಯಿದೆ. ಕರಡು ಸಿದ್ಧವಾದ ಮೇಲೆ ಇಲ್ಲಿ ಹಾಕುತ್ತೇನೆ. ಅಂಕಿಗಳಲ್ಲಿ ತಪ್ಪು ಕಂಡರೆ ತಿದ್ದಬೇಕು.