ಮಗಳಿಗೆ ಪೊಲೀಸಾ, ಮಿಲಿಟರಿನಾ? ಅನುಭವ ಇದ್ದವರು ಹೇಳಿ

ಸಿಂಧನೂರಿನ ತಾಯಿ:
ಮಗಳಿಗೆ 19. ಬಿಎ ಎರಡನೇ ವರ್ಷ. ಎತ್ತರ 162 ಅಂತಾಳೆ. ಸೇನೆಯಲ್ಲಿ ನಾಲ್ಕು ವರ್ಷದ ಅಗ್ನಿವೀರ್ ಆಗಿ ಮಿಲಿಟರಿ ಪೊಲೀಸ್‌ಗೆ ಹೋಗ್ತೀನಿ ಅಂತ ಹಟ. ಅವರಪ್ಪ ಕಾನ್‌ಸ್ಟೆಬಲ್ ಆದ್ರೆ ಸಾಕು, ಕಣ್ಣೆದುರಿಗೆ ಇರ್ತಾಳೆ ಅಂತಾರೆ. ಯಾವುದು ಒಳ್ಳೇದು?

ಖಾಕಿ ಅಕ್ಕ, ಕೊಪ್ಪಳ:
ಕಣ್ಣೆದುರಿಗೆ ಇರ್ತಾಳಾ? ನಗು ಬಂತು. ನನ್ನದು 23 ವರ್ಷ ಸರ್ವಿಸ್. ಗವಿಮಠ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಜಾತ್ರೆಯಲ್ಲಿ ಒಂದು ವರ್ಷವೂ ಮಕ್ಕಳ ಕೈ ಹಿಡಿದು ತೇರು ನೋಡಿಲ್ಲ. ನಾನು ಹಗ್ಗ ಹಿಡಿದು ಜನರ ಕಡೆ ಮುಖ ಮಾಡಿ ನಿಂತಿರ್ತೀನಿ. ತೇರು ನನ್ನ ಬೆನ್ನ ಹಿಂದೆ ಹೋಗುತ್ತೆ. ಉತ್ತತ್ತಿ ಬಂದು ಟೋಪಿಗೆ ಬಡಿದಾಗ ಗೊತ್ತಾಗುತ್ತೆ, ಬಂತು ಅಂತ.

ಬೆಳಗಿನ ಜಾವ ನಾಲ್ಕಕ್ಕೆ ಬಂದೋಬಸ್ತ್ ಪಾಯಿಂಟ್‌ಗೆ ಹಾಕಿದ್ರೆ ರಾತ್ರಿವರೆಗೂ ಅಲ್ಲೇ. ನೀರು ಕುಡಿಯಲ್ಲ. ಯಾಕೆ ಅಂತ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾ? ಕಿಡ್ನಿಯಲ್ಲಿ ಕಲ್ಲಾಯ್ತು. 38,400 ರೂಪಾಯಿ ಕೈಯಿಂದ ಕಟ್ಟಿದೆ. ಬಿಲ್ಲು ಮೂರು ಸಲ ವಾಪಸ್ ಬಂತು, ಒಮ್ಮೆ ಸೀಲ್ ಸರಿಯಾಗಿ ಮೂಡಿಲ್ಲ ಅಂತ. ಹದಿನಾಲ್ಕು ತಿಂಗಳಾದ ಮೇಲೆ ಸಿಕ್ಕಿದ್ದು 21,000.

ಸೇರಿದಾಗ ಖಾಕಿ ಸೀರೆ ಉಡ್ತಿದ್ವಿ. ಸರಗಳ್ಳನ ಹಿಂದೆ ಓಡಿ, ನಿರಿಗೆ ಕಾಲಿಗೆ ಸಿಕ್ಕಿ ಬಿದ್ದು, ಮೊಣಕಾಲು ಇವತ್ತಿಗೂ ನೆಟ್ಟಗಿಲ್ಲ. 2018ರಲ್ಲಿ ನೀಲಮಣಿ ರಾಜು ಮೇಡಂ ಡಿಜಿ, ಅಂದ್ರೆ ರಾಜ್ಯ ಪೊಲೀಸ್ ಮುಖ್ಯಸ್ಥೆ ಆಗಿದ್ದಾಗ ಪ್ಯಾಂಟ್ ಕಡ್ಡಾಯ ಆಯ್ತು. ಸೀರೇನೇ ಲಕ್ಷಣ ಅಂತ ಗೊಣಗಿದವರಲ್ಲಿ ನಾನೂ ಒಬ್ಬಳು. ಈಗ ನೆನೆದ್ರೆ ನಾಚಿಕೆ ಆಗುತ್ತೆ. ಆದ್ರೂ ಕೆಲಸ ಬಿಡು ಅಂದ್ರೆ ಬಿಡಲ್ಲ.

545ರ ಬೆಂದವಳು, ಬಳ್ಳಾರಿ:
ಅಕ್ಕಾ, ನಿಮಗೆ ಕೆಲಸ ಆದ್ರೂ ಸಿಕ್ಕಿತು. ನಾನು 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್ 3ಕ್ಕೆ ಪರೀಕ್ಷೆ ಬರೆದವಳು. ಯಾರೋ ಮಾಡಿದ ಅಕ್ರಮಕ್ಕೆ 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಎರಡು ವರ್ಷ ಮೂರು ತಿಂಗಳು ಇಪ್ಪತ್ತು ದಿನ. ಎಣಿಸಿದ್ದೇನೆ.

ಖರ್ಚು ಕೇಳಿ. ಧಾರವಾಡದಲ್ಲಿ ಕೋಚಿಂಗ್ 24,000. ರೂಮ್ ಬಾಡಿಗೆ ತಿಂಗಳಿಗೆ 2,500, ಓದೋ ಲೈಬ್ರರಿಗೆ 600, ಮೆಸ್ 2,800. ಶೂ ಮೂರು ಜೊತೆ. ಗುಂಡು ಎಸೆತಕ್ಕೆ ನಾಲ್ಕು ಕೆಜಿ ಕಬ್ಬಿಣದ ಗುಂಡನ್ನೂ ಕೊಂಡಿದ್ದೆ. ಈಗ ಅದು ಅಮ್ಮನ ಹಿಟ್ಟಿನ ಡಬ್ಬಿ ಮೇಲೆ ಕೂತಿದೆ, ಬೆಕ್ಕು ಮುಚ್ಚಳ ತೆಗೀಬಾರದು ಅಂತ. ಅಪ್ಪ ಎರಡು ಎಮ್ಮೆ ಮಾರಿದ್ರು. ಮರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂತು. ಆ ಹೊತ್ತಿಗೆ ಓದೋ ಮನಸ್ಸೇ ಸತ್ತುಹೋಗಿತ್ತು. ಶಕ್ತಿ ಯೋಜನೆ ಬಂದ ಮೇಲೆ ಬಸ್ ಫ್ರೀ ಆಯ್ತು, ಅಷ್ಟರಲ್ಲಿ ನನ್ನ ಧಾರವಾಡದ ಓಡಾಟ ಮುಗಿದಿತ್ತು!

ಮಾಜಿ ಹವಾಲ್ದಾರ್, ಲಿಂಗಸುಗೂರು:
ಅದಕ್ಕೇ ನನ್ನ ಮಗಳನ್ನು ಸೇನೆಗೆ ಕಳಿಸಿದೆ. 2023ರಲ್ಲಿ ಸೇರಿದಳು. ತರಬೇತಿ ಬೆಂಗಳೂರಲ್ಲೇ. 2021ರ ಮೇ ತಿಂಗಳಲ್ಲಿ ಮಿಲಿಟರಿ ಪೊಲೀಸ್‌ನ ಮೊದಲ 83 ಹೆಣ್ಣುಮಕ್ಕಳು ಪರೇಡ್ ಮಾಡಿ ಹೊರಬಂದಿದ್ದೂ ಅಲ್ಲಿಂದಲೇ. ನಮ್ಮ ಹುಡುಗಿ 1.6 ಕಿಲೋಮೀಟರನ್ನು ಏಳು ನಿಮಿಷ ಹತ್ತು ಸೆಕೆಂಡಿಗೆ ಓಡಿದಳು. ಏಳೂವರೆ ಒಳಗಿದ್ರೆ ಮೊದಲ ಗುಂಪು. ಹತ್ತು ಅಡಿ ಉದ್ದ ಜಿಗಿತ. ಕಾನ್‌ಸ್ಟೆಬಲ್‌ಗೆ ಎರಡೂವರೆ ಮೀಟರ್, ಅದನ್ನು ನಮ್ಮೂರಿನ ಕುರಿಮರಿನೂ ಹಾರುತ್ತೆ.

ಖಾಕಿ ಅಕ್ಕ, ಕೊಪ್ಪಳ:
ಕುರಿಮರಿ ಅಂದ್ರಾ? ಬಂದೋಬಸ್ತ್‌ಗೆ ಕುರಿಮರಿನೇ ಕಳಿಸಿ ನೋಡೋಣ. ನಾಲ್ಕು ವರ್ಷ ಆದ ಮೇಲೆ ನೂರರಲ್ಲಿ 25 ಜನರನ್ನು ಇಟ್ಕೊಂಡು ಉಳಿದವರನ್ನು ಮನೆಗೆ ಕಳಿಸ್ತಾರೆ. ಅದನ್ನು ಯಾಕೆ ಬರೀಲಿಲ್ಲ?

ಮಾಜಿ ಹವಾಲ್ದಾರ್, ಲಿಂಗಸುಗೂರು:
ಗೊತ್ತಿದ್ದೇ ಕಳಿಸಿದ್ದು. ಮೊದಲ ವರ್ಷ 30,000ದಲ್ಲಿ 9,000 ಸೇವಾ ನಿಧಿಗೆ ಹಿಡೀತಾರೆ, ಕೈಗೆ 21,000. ಸರ್ಕಾರವೂ ಅಷ್ಟೇ ಹಾಕುತ್ತೆ. ಕೊನೆಗೆ ಹತ್ತು ಲಕ್ಷದ ಮೇಲೆ ಬರುತ್ತೆ, ಬಡ್ಡಿ ಬೇರೆ. ನಿಜವಾದ ತಲೆನೋವು ದುಡ್ಡಲ್ಲ. ನಾಲ್ಕು ವರ್ಷ ಮದುವೆ ಆಗೋ ಹಾಗಿಲ್ಲ. ಹೆಂಡತಿಯ ತಮ್ಮ ಹುಡುಗಿಗಾಗಿ ಕಾದು ಕೂತಿದ್ದ. ಆಗಲ್ಲ ಅಂದಿದ್ದಕ್ಕೆ ಎರಡು ಯುಗಾದಿ ಆಯ್ತು, ನಮ್ಮ ಮನೆ ಹೊಸ್ತಿಲು ತುಳಿದಿಲ್ಲ.

ಅಡಿಕೆ ತೋಟ, ದಾವಣಗೆರೆ:
ನಿಮಗೇನ್ರೀ, ಕಲ್ಯಾಣ ಕರ್ನಾಟಕದವರಿಗೆ 371(ಜೆ) ಮೀಸಲಾತಿ ಇದೆ. ಸುಮ್ನೆ ಅರ್ಜಿ ಹಾಕಿದ್ರೂ ಪೊಲೀಸ್ ಕೆಲಸ ಸಿಗುತ್ತೆ.

545ರ ಬೆಂದವಳು, ಬಳ್ಳಾರಿ:
ಸುಮ್ನೆನಾ? ಸಿ ಗುಂಪಿನ ಸ್ಥಳೀಯ ಹುದ್ದೆಯಲ್ಲಿ 80 ಭಾಗ ನಮಗೆ, ಸರಿ. ಆ ಹುದ್ದೆಗೆ ಇಲ್ಲಿಯವರೇ ಎಷ್ಟು ಸಾವಿರ ಜನ ಮುಗಿಬೀಳ್ತೀವಿ ಗೊತ್ತಾ? ಬೇಸಿಗೆಯಲ್ಲಿ ನಮ್ಮ ಬಳ್ಳಾರಿಗೆ ಬಂದು ಮೈದಾನದಲ್ಲಿ ಒಂದು ಸುತ್ತು ಓಡಿ, ಆಮೇಲೆ ಮಾತಾಡಿ.

ಅಡಿಕೆ ತೋಟ, ದಾವಣಗೆರೆ:
ಬಿಸಿಲು ನಮ್ಮಲ್ಲೂ ಇದೆ.

ಖಾಕಿ ಅಕ್ಕ, ಕೊಪ್ಪಳ:
ತೋಟದ ನೆರಳಲ್ಲಿ ಕೂತವರ ಬಿಸಿಲು ಬೇರೆ ಬಿಡಿ.

ಸಿಂಧನೂರಿನ ತಾಯಿ:
ಜಗಳ ಆಮೇಲೆ ಆಡಿ. ನಿನ್ನೆ ಸಂಜೆ ಗೋಡೆಗೆ ನಿಲ್ಲಿಸಿ ಅಳೆದೆ, 161.5 ಬಂತು. ಸೇನೆಗೆ 162 ಬೇಕಂತೆ. ಹುಡುಗಿ ರಾತ್ರಿ ಊಟ ಮಾಡಿಲ್ಲ.

ಖಾಕಿ ಅಕ್ಕ, ಕೊಪ್ಪಳ:
ಸಂಜೆ ಯಾಕೆ ಅಳೆದ್ರಿ? ದಿನವಿಡೀ ಓಡಾಡಿದ ಮೈ ಕುಗ್ಗಿರುತ್ತೆ. ಹಾಸಿಗೆಯಿಂದ ಎದ್ದ ಕೂಡಲೇ ಅಳೆಯಿರಿ. ಅಷ್ಟಕ್ಕೂ ನಮ್ಮಲ್ಲಿ 157 ಸಾಕು, ತೂಕ 45 ಇರಲಿ. ಮೊದಲು ಊಟ ಮಾಡಿಸಿ.

ಮಾಜಿ ಹವಾಲ್ದಾರ್, ಲಿಂಗಸುಗೂರು:
ಜಡೆ ಗಂಟು ಬಿಚ್ಚಿ ಅಳೆಯಿರಿ. ಅಲ್ಲಿ ಬಿಚ್ಚಿಸ್ತಾರೆ.